ನಲವತ್ತೆಂಟು ಆದ ಮೇಲೆ

ರವಿವಾರ ಹತ್ತು ಗಂಟೆಗೆ, ಬೆಟಗೇರಿಯ ಶಾಖಾ ಗ್ರಂಥಾಲಯದಲ್ಲಿ
ಪೇಪರು ಓದುವ ಹಿರಿಯರನ್ನು ಫ್ಯಾನಿನ ಕೆಳಗಿಂದ ಎಬ್ಬಿಸಿ
ಜಮಖಾನೆ ಹಾಸುತ್ತೇನೆ.
ಅವರಿಗೆ ಸಿಟ್ಟು. ಮೂಲೆ ಸೇರಿ
ಮುಖಕ್ಕೆ ಪೇಪರು ಅಡ್ಡ ಹಿಡಿಯುತ್ತಾರೆ,
ಕಿವಿ ಮಾತ್ರ ಈ ಕಡೆ.

ನಿಯಮ ಒಂದೇ: ಓದಿದ್ದನ್ನು ಎತ್ತಿ ಹಿಡಿದು
ಇದನ್ನು ಯಾರು ಓದಬೇಕು, ಹೇಳಬೇಕು.
'ಚಲೋ ಐತಿ' ಅಂದರೆ ನಡೆಯುವುದಿಲ್ಲ.

"ಅಕ್ಕನ ಜೋಡಿ ಮಾತು ಬಿಟ್ಟವ್ರು ಓದ್ರಿ" ಎಂದಳು ಗುರುದೇವಿ.
"ರಾತ್ರಿ ಓದಬ್ಯಾಡ್ರಿ, ಒಂದಕ್ಕ ಹೊರಗ ಹೋಗಾಕ
ಅಂಜಿಕಿ ಬರತೈತಿ" ಎಂದ ಪವಾಡಿ.
ದಾವಲ್ ಪುಸ್ತಕ ಮಗುಚಿ ಅದರ ಬೆನ್ನು ತೋರಿಸಿದ:
"ದಾರದ ಹೊಲಿಗಿ ಐತ್ರಿ, ಪಿನ್ನಲ್ಲ.
ತೆರದಿಟ್ಟರ ಹಂಗ ಇರತೈತಿ.
ಎರಡೂ ಕೈಲೆ ರೊಟ್ಟಿ ಮುರಕೋತ ಓದಬಹುದು."

ನಕ್ಕರು. ನಾನೂ ನಕ್ಕೆ.
ನಕ್ಕಾದ ಮೇಲೆ ನೆನಪಾಯಿತು, ಅವನ ಅವ್ವ
ಪ್ರೆಸ್ಸಿನಿಂದ ಹಾಳೆ ತಂದು ಮನೆಯಲ್ಲಿ ಮಡಚುತ್ತಾಳೆ,
ಸಾವಿರಕ್ಕೆ ಇಷ್ಟು ಅಂತ.
ಅಕ್ಷರ ಬಾರದು. ಅಂಕಿಯ ಮೇಲೆ ಅಂಕಿ ಕೂತರೆ
ಮಡಿಕೆ ಸರಿ. ಮೂರು ಮಡಿಕೆ, ಹದಿನಾರು ಪುಟ.
ತೀಡಿ ತೀಡಿ ಹೆಬ್ಬೆರಳು ಎಷ್ಟು ನುಣುಪೆಂದರೆ
ರೇಷನ್ ಅಂಗಡಿಯ ಯಂತ್ರಕ್ಕೆ ಅದು ಹೆಬ್ಬೆರಳೇ ಅಲ್ಲ.

ಹೋದ ವಾರ ರಟ್ಟು ಕಿತ್ತ ಒಂದು ಕತೆ ಕೈಗೆ ಬಂತು.
ಒಂದು ಆಡು, ಒಬ್ಬ ಹುಡುಗಿ.
ನಲವತ್ತೆಂಟನೇ ಪುಟದ ಕೊನೆಯ ಸಾಲಿನಲ್ಲಿ
ಆಡು ಬಾವಿಯ ಕಟ್ಟೆ ಹತ್ತಿ, ಕುತ್ತಿಗೆ ಚಾಚಿ, ಒಳಗೆ
ಮುಂದಿನ ಪುಟ ಅರವತ್ತೈದು:
ಇಬ್ಬರೂ ರೈಲಿನಲ್ಲಿ ಕೂತು ಶೇಂಗಾ ತಿನ್ನುತ್ತಿದ್ದಾರೆ.

"ಬಿದ್ದಿರಬೇಕು."
"ಬಿದ್ದರ ರೈಲಿನಾಗ ಹೆಂಗ ಬಂತು?"
"ಬಾವಿ ಬತ್ತಿತ್ತ ಬಿಡ."
"ಬಾವಿಯೊಳಗ ಟೇಶನ್ ಇತ್ತು." ಇದು ಪವಾಡಿ.
ಮೂಲೆಯಲ್ಲಿ ಒಂದು ಪೇಪರು ಕೆಳಗಿಳಿಯಿತು:
"ಆಡಿಗೆ ಟಿಕೀಟು ಯಾರು ತಗದ್ರು?"

ರದ್ದಿ ಪುಸ್ತಕಗಳ ವಹಿ ತೆರೆದು ನಾನು
ಪೆನ್ನಿನ ಮುಚ್ಚಳ ತೆಗೆದಿದ್ದೆ.
ದಾವಲ್ ಪುಟಗಳ ನಡುವೆ ಬೆರಳಾಡಿಸಿದ.
"ಹರದಿಲ್ರಿ ಅಕ್ಕಾರ. ಹೊಲಿಯೂದಕ್ಕಿಂತ ಮೊದಲ
ಒಂದು ಫಾರ್ಮು ಬಿಟ್ಟೈತಿ. ನಾಕನೇದು."

ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಮೇಜಿಗೆ ಬಂದು
ದನಿ ತಗ್ಗಿಸಿ ಕೇಳಿದ:
"ಯಾವ ಪ್ರೆಸ್ಸು ಅಂತ ಒಳಗ ಬರದಿರತಾರಲ್ರಿ?"

ಬರೆದಿತ್ತು. ಎರಡನೇ ಪುಟದ ತಳದಲ್ಲಿ, ಸಣ್ಣ ಅಕ್ಷರ.
ಇಲ್ಲಿಂದ ನಡೆದರೆ ಏಳು ನಿಮಿಷ.
ಅದರ ಮೇಲೆ ಹೆಬ್ಬೆರಳಿಟ್ಟು
"ಅಳಿಸಿ ಹೋಗೇತಿ" ಎಂದೆ.

ಅವನು ಪುಸ್ತಕ ನೋಡಲಿಲ್ಲ.
ನನ್ನ ಹೆಬ್ಬೆರಳನ್ನು ನೋಡಿದ.

ಬಾಗಿಲ ತನಕ ಹೋದವ ತಿರುಗಿ ನಿಂತ:
"ಇಲ್ಲಿ ಬಿಟ್ಟಿದ್ದು ಇನ್ನೊಂದರಾಗ ಎರಡು ಸಲ ಬಿದ್ದಿರತೈತ್ರಿ.
ಯಾವುದೋ ಊರಾಗ ಯಾರೋ
ಆ ಬಾವಿ ಎರಡು ಸಲ ಓದ್ಯಾರ."

ವಹಿ ಮುಚ್ಚಿದೆ. ಪೆನ್ನು ಒಣಗಿತ್ತು, ಅದೊಂದು ನೆಪ.
ಮೊನ್ನೆ ಹುಬ್ಬಳ್ಳಿಗೆ ಮೀಟಿಂಗಿಗೆ ಹೋದಾಗ
ಚಹಾದ ಹೊತ್ತಿನಲ್ಲಿ ಅಲ್ಲಿಯ ಮಕ್ಕಳ ಕಪಾಟಿನ ಮುಂದೆ ಕೂತು
ಆಡಿನ ಚಿತ್ರ ಇದ್ದದ್ದನ್ನೆಲ್ಲ ಬಿಚ್ಚಿ
ಅರವತ್ನಾಲ್ಕರ ಮುಂದೆ ಎಷ್ಟಿದೆ ನೋಡುತ್ತಿದ್ದೆ.
"ಏನು ಹುಡುಕತೀರಿ?" ಅಂತ ಕೇಳಿದರು.
ಏನಂತ ಹೇಳಲಿ.

ಆ ಪುಸ್ತಕಕ್ಕೆ ಈಗ ಹನ್ನೊಂದು ಜನ ಸರದಿಯಲ್ಲಿದ್ದಾರೆ,
ಟಿಕೀಟು ಕೇಳಿದ ಹಿರಿಯರು ಏಳನೆಯವರು.
ಒಳರಟ್ಟಿಗೆ ದಾವಲ್ ಚೀಟಿ ಅಂಟಿಸಿದ್ದಾನೆ,
ಅಂಟು ಒಂದಿಷ್ಟೂ ಹೊರಗೆ ಬಾರದಂತೆ, ನೀಟಾಗಿ:

'ಎಲ್ಲಾರೂ ಓದ್ರಿ.
೪೮ ಆದಮ್ಯಾಲೆ ಸ್ವಲ್ಪ ಹೊತ್ತು ಸುಮ್ನ ಕುಂದರ್ರಿ.
ಆಮ್ಯಾಲೆ ೬೫.'